ಹಳೆಯ ಕುಂಡದ ಮಣ್ಣಿಗೆ ಸುಣ್ಣ ಹಾಕಿ ಕೈ ಸುಟ್ಟುಕೊಂಡೆ, ಮುಂದೇನು?

ತಾರಸಿಮನೆ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮೂರನೇ ಮಹಡಿಯ ತಾರಸಿಯ ಮೇಲೆ ಇಪ್ಪತ್ತಾರು ಗ್ರೋ ಬ್ಯಾಗುಗಳಿವೆ. ಮೂರು ವರ್ಷದ ಹಿಂದೆ ಕೆಂಪು ಮಣ್ಣು, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಮೂರನ್ನೂ ಸಮಸಮ ಬೆರೆಸಿ ತುಂಬಿಸಿದ್ದೆ. ಮೊದಲ ವರ್ಷ ಟೊಮೆಟೊ ಎಷ್ಟು ಬಂದಿತ್ತೆಂದರೆ ಎದುರು ಮನೆ, ಪಕ್ಕದ ಮನೆಗೆಲ್ಲ ಹಂಚಿದ ಮೇಲೂ ಗೊಜ್ಜು ಮಾಡಿಡುವಷ್ಟು ಉಳಿದಿತ್ತು. ಎರಡನೇ ವರ್ಷ ಅದರ ಅರ್ಧ. ಈ ಸಲ ಗಿಡಗಳು ಮೊಣಕಾಲೆತ್ತರಕ್ಕೆ ಬಂದು ಅಲ್ಲೇ ನಿಂತಿವೆ. ನಾಲ್ಕು ಹೂವು ಬಿಟ್ಟರೆ ಮೂರು ಉದುರುತ್ತವೆ.

ಮಣ್ಣನ್ನು ಎಸೆಯಲು ಮನಸ್ಸಿಲ್ಲ. ಎಸೆಯುವುದಾದರೂ ಎಲ್ಲಿಗೆ? ಮಣ್ಣಿನ ಚೀಲ ಕಂಡರೆ ಕಸದ ಗಾಡಿಯವರು ಮುಖ ತಿರುಗಿಸುತ್ತಾರೆ. ಹೀಗಿರುವಾಗ ಒಂದು ವಿಡಿಯೊದಲ್ಲಿ, "ಹಳೆಯ ಮಣ್ಣು ಹುಳಿಯಾಗಿರುತ್ತದೆ, ಪ್ರತಿ ಕುಂಡಕ್ಕೆ ಒಂದು ಹಿಡಿ ಸುಣ್ಣ ಹಾಕಿ" ಎಂದರು. ಕಾಂಪೌಂಡಿಗೆ ಬಳಿಯಲು ತಂದ ಸುಣ್ಣ ಅರ್ಧ ಚೀಲ ಉಳಿದಿತ್ತು. ಮೂರು ಬ್ಯಾಗಿಗೆ ಒಂದೊಂದು ಹಿಡಿ ಹಾಕಿ ಕೆದಕಿದೆ, ಕರಿಬೇವಿನ ಕುಂಡಕ್ಕೆ ಎರಡು ಚಮಚ. ಮೂರೂ ಬ್ಯಾಗಿನ ಟೊಮೆಟೊ ವಾರದೊಳಗೆ ಅಂಚು ಸುಟ್ಟುಕೊಂಡು ಬಾಡಿದವು. ಕರಿಬೇವು ಸತ್ತಿಲ್ಲ, ಆದರೆ ಹೊಸ ಚಿಗುರಿನಲ್ಲಿ ನರ ಮಾತ್ರ ಹಸಿರು, ಉಳಿದದ್ದೆಲ್ಲ ನಿಂಬೆಹಣ್ಣಿನ ಬಣ್ಣ. ಇನ್ನಷ್ಟು ಸುಣ್ಣ ಹಾಕಬೇಕಿತ್ತೇ, ಹಾಕಲೇಬಾರದಿತ್ತೇ?

ತೋಟದಮನೆ, ತೀರ್ಥಹಳ್ಳಿ

ಅಕ್ಕ, ಸುಣ್ಣ ತಪ್ಪಲ್ಲ, ನೀವು ಹಾಕಿದ ರೀತಿ ತಪ್ಪು. ಬಳಿಯುವ ಸುಣ್ಣವನ್ನು ಯಾರಾದರೂ ಗಿಡದ ಬುಡಕ್ಕೆ ಹಿಡಿಗಟ್ಟಲೆ ಸುರಿಯುತ್ತಾರೆಯೇ? ಕೃಷಿ ಸುಣ್ಣವೆಂದೇ ಬೇರೆ ಸಿಗುತ್ತದೆ, ಸುಣ್ಣದ ಕಲ್ಲನ್ನು ಸುಡದೆ ಹಾಗೇ ಪುಡಿ ಮಾಡಿದ್ದು. ನಮ್ಮ ಅಡಿಕೆ ತೋಟಕ್ಕೆ ಮಳೆಗಾಲ ಕಳೆದ ಮೇಲೆ ಅದನ್ನೇ ಹಾಕುತ್ತೇವೆ. ಸುಣ್ಣ ಕಾಣದ ಮಣ್ಣಿಗೆ ಎಷ್ಟು ಗೊಬ್ಬರ ಹಾಕಿದರೂ ಹೊಳೆಗೆ ಹಾಕಿದಂತೆ. ಹಳೆಯ ಮಣ್ಣಿಗಂತೂ ಬೇಕೇ ಬೇಕು. ಅದನ್ನು ತಂದು ಒಂದೊಂದು ಚಮಚ ಹಾಕಿ ನೋಡಿ.

ನಿವೃತ್ತ ಮೇಷ್ಟ್ರು, ಮೈಸೂರು

ಹಾಕುವ ಮೊದಲು ಸ್ವಲ್ಪ ತಡೆಯಿರಿ ತಾಯಿ. ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು ನಾನು, ಅಳೆಯದೆ ಏನನ್ನಾದರೂ ಸುರಿಯುವುದನ್ನು ಕಂಡರೆ ಈಗಲೂ ಕೈ ಸೀಮೆಸುಣ್ಣದ ತುಂಡು ಹುಡುಕುತ್ತದೆ. ಮೂರು ಪ್ರಶ್ನೆಗಳಿವೆ. ಗಿಡಕ್ಕೆ ಹಾಕುವುದು ಯಾವ ನೀರು? ಆ ಸುಣ್ಣ ಪುಡಿಯಾಗಿತ್ತೋ, ನೀರು ಬಿದ್ದಾಗ ಕುದಿಯಿತೋ? ಮಣ್ಣು ಹುಳಿಯೆಂದು ನಿಮಗೆ ಗೊತ್ತಾದದ್ದು ಹೇಗೆ, ವಿಡಿಯೊದವರು ಬಂದು ಅಳೆದರೇ?

ತಾರಸಿಮನೆ, ಬೆಂಗಳೂರು

ಮೇಷ್ಟ್ರೇ, ನೀರು ಬೋರ್‌ವೆಲ್‌ನದು. ಜೊತೆಗೆ ಅಡುಗೆಮನೆಯ ಆರ್‌ಓ ಯಂತ್ರದಿಂದ ಹೊರಬೀಳುವ ನೀರನ್ನು ಬಕೆಟಿನಲ್ಲಿ ಹಿಡಿದು ಗಿಡಗಳಿಗೇ ಹಾಕುತ್ತೇನೆ, ಪೋಲಾಗಬಾರದೆಂದು. ಸುಣ್ಣ ಗಟ್ಟಿಯಾಗಿತ್ತು, ಬಳಿಯುವಾಗ ಡ್ರಮ್ಮಿನಲ್ಲಿ ನೀರು ಹಾಕಿ ಅರಳಿಸಿದೆವು, ಕೊತಕೊತ ಕುದಿಯಿತು. ಉಳಿದದ್ದು ಚೀಲದಲ್ಲೇ ತೇವ ಹಿಡಿದು ಪುಡಿಯಾಗಿತ್ತು. ಮಣ್ಣನ್ನು ಅಳೆದಿಲ್ಲ. ಬೈಯಬೇಡಿ.

ನಿವೃತ್ತ ಮೇಷ್ಟ್ರು, ಮೈಸೂರು

ಬೈಯುವುದಿಲ್ಲ. ನಿಮ್ಮ ಚಹಾ ಕೆಟಲಿನ ತಳದಲ್ಲಿ ಬಿಳಿ ಪದರ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ನೊರೆ ಬಂದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ತೀರ್ಥಹಳ್ಳಿಯವರು ಹೇಳಿದ ಕೃಷಿ ಸುಣ್ಣವೇ. ನೀರಿನಲ್ಲಿ ಕರಗಿದ್ದ ಬೈಕಾರ್ಬೊನೇಟ್ ಕಾದು ಗಟ್ಟಿಯಾಗಿ ಕೂತದ್ದು.

ಇನ್ನು ಸಣ್ಣದೊಂದು ಲೆಕ್ಕ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕವು ಲೀಟರಿಗೆ 200 ಮಿಲಿಗ್ರಾಂವರೆಗಿನ ಕ್ಷಾರೀಯತೆಯನ್ನು (ಹುಳಿ ಮುರಿಯುವ ಶಕ್ತಿ, ಸುಣ್ಣದಕಲ್ಲಿನ ಲೆಕ್ಕದಲ್ಲಿ) ಒಪ್ಪುತ್ತದೆ, ಬೇರೆ ನೀರಿಲ್ಲದ ಕಡೆ 600ರವರೆಗೂ ಬಿಡುತ್ತದೆ. ನಿಮ್ಮದು 200 ಎಂದೇ ಇಟ್ಟುಕೊಳ್ಳೋಣ. ಒಂದು ಬ್ಯಾಗಿಗೆ ದಿನಕ್ಕೊಂದು ಲೀಟರ್ ಹಾಕಿದರೆ ವರ್ಷಕ್ಕೆ 365 ಲೀಟರ್, ಅದರೊಳಗೆ 73 ಗ್ರಾಂ ಸುಣ್ಣದಕಲ್ಲಿಗೆ ಸಮನಾದ ಕ್ಷಾರ. ಮೂರು ವರ್ಷಕ್ಕೆ 219 ಗ್ರಾಂ. ತೂತಿನಿಂದ ಒಂದಷ್ಟು ಹರಿದುಹೋಗುತ್ತದೆ, ಬೇರು ಬಿಡುವ ಆಮ್ಲ ಒಂದಷ್ಟನ್ನು ತಿನ್ನುತ್ತದೆ, ಒಪ್ಪುತ್ತೇನೆ. ಆದರೂ ನೀವು ಮೂರು ವರ್ಷದಿಂದ ದಿನವೂ ಬೆಳಿಗ್ಗೆ ಚೆಂಬಿನಲ್ಲಿ ಸುಣ್ಣ ಹಾಕುತ್ತಲೇ ಬಂದಿದ್ದೀರಿ. ಅದರ ಮೇಲೆ ಆರ್‌ಓ ನೀರು ಬೇರೆ! ಶುದ್ಧ ನೀರು ನಿಮ್ಮ ಲೋಟಕ್ಕೆ ಹೋದರೆ, ಅದು ಬಿಟ್ಟುಬಂದ ಉಪ್ಪು, ಬೈಕಾರ್ಬೊನೇಟ್ ಎಲ್ಲ ಆ ಬಕೆಟಿನಲ್ಲಿರುತ್ತವೆ. ಅದು ನೆಲ ಒರೆಸಲು, ಶೌಚಾಲಯಕ್ಕೆ ಸರಿ, ಕುಂಡಕ್ಕಲ್ಲ.

ಕರಿಬೇವಿನ ಹಳದಿ ಕಬ್ಬಿಣದ ಕೊರತೆಯದು. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಕೆಂಪು ಮಣ್ಣಿನ ಕೆಂಪೇ ಕಬ್ಬಿಣದ್ದು. ಪಿಎಚ್ ಎಂದರೆ ಹುಳಿ, ಕ್ಷಾರ ಅಳೆಯುವ ಅಂಕಿ: ಏಳು ತಟಸ್ಥ, ಕೆಳಗೆ ಹುಳಿ, ಮೇಲೆ ಕ್ಷಾರ. ಅದು ಏಳೂವರೆ ದಾಟಿತೆಂದರೆ ಕಬ್ಬಿಣ ಕರಗದೆ ಬೀಗ ಹಾಕಿಕೊಂಡು ಕೂರುತ್ತದೆ. ಕಬ್ಬಿಣ ಹಳೆಯ ಎಲೆಯಿಂದ ಹೊಸದಕ್ಕೆ ಹೋಗಲಾರದು, ಆದ್ದರಿಂದ ಮೊದಲು ಬಿಳಿಚುವುದು ಚಿಗುರು. ಕೆಳಗಿನ ಹಳೆಯ ಎಲೆ ಹಳದಿಯಾಗಿದ್ದರೆ ನಾನು ಸಾರಜನಕದ ಕೊರತೆಯೆನ್ನುತ್ತಿದ್ದೆ.

ತೋಟದಮನೆ, ತೀರ್ಥಹಳ್ಳಿ

ಮೇಷ್ಟ್ರ ಲೆಕ್ಕ ಚೆನ್ನಾಗಿದೆ, ಆದರೆ ಸುಣ್ಣವೇ ಶತ್ರು ಎಂಬ ಹಾಗೆ ಬರೆದಿದ್ದೀರಲ್ಲ ಮಾರಾಯರೆ. ನಮ್ಮ ತೋಟದ ಮಣ್ಣು ಪರೀಕ್ಷೆಗೆ ಕೊಟ್ಟಾಗ ಪಿಎಚ್ 5.1 ಬಂದಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವನ್ನೂ ತೊಳೆದು ತುಂಗೆಗೆ ಸೇರಿಸುತ್ತದೆ. ಉಳಿಯುವುದು ಹುಳಿ. ಅಷ್ಟು ಹುಳಿಯಲ್ಲಿ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಸುಡುತ್ತದೆ ಎಂದು ಪರೀಕ್ಷೆ ಮಾಡಿದವರು ಹೇಳಿದರು. ಸುಣ್ಣ ಹಾಕಲು ಶುರುಮಾಡಿದ ಎರಡು ವರ್ಷಕ್ಕೆ ತೋಟದಲ್ಲಿ ಬಿಳಿ ಬೇರು ಕಂಡಿತು.

ಅಳೆಯುವುದು ನಮಗೂ ಗೊತ್ತು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವಾಗ ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಹದವಾಯಿತೋ ಇಲ್ಲವೋ ಎಂದು ತಿಳಿಯಲು ಉಜ್ಜಿ ಹೊಳಪು ಮಾಡಿದ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯುತ್ತೇವೆ. ಕತ್ತಿಯ ಮೇಲೆ ತಾಮ್ರದ ಕೆಂಪು ಹತ್ತಿದರೆ ಇನ್ನೂ ಹುಳಿ ಇದೆ, ಸುಣ್ಣದ ತಿಳಿ ಸೇರಿಸಬೇಕು. ನನ್ನ ಅಜ್ಜನ ಕಾಲದಿಂದ ಕತ್ತಿಯೇ ನಮ್ಮ ಪಿಎಚ್ ಮಾಪಕ.

ನಿವೃತ್ತ ಮೇಷ್ಟ್ರು, ಮೈಸೂರು

ಶತ್ರು ಅನ್ನಲಿಲ್ಲ ಸ್ವಾಮಿ. ನಿಮ್ಮ ಮಣ್ಣಿಗೆ ಅದು ಔಷಧ, ಇವರ ಮಣ್ಣಿಗೆ ವಿಷ. ನಿಮ್ಮ ಕತ್ತಿಯ ಪರೀಕ್ಷೆಯನ್ನು ನಾನು ತರಗತಿಯಲ್ಲಿ ಮಾಡಿ ತೋರಿಸುತ್ತಿದ್ದೆ: ಹುಳಿ ಉಳಿದಿದ್ದರೆ ತಾಮ್ರ ದ್ರಾವಣದಲ್ಲಿರುತ್ತದೆ, ಕಬ್ಬಿಣ ಕರಗಿ ಅದನ್ನು ಹೊರದಬ್ಬುತ್ತದೆ. ಚೊಕ್ಕವಾದ ವಿಜ್ಞಾನ.

ಸುಣ್ಣದ ಬಲವನ್ನೂ ಹೇಳಿಬಿಡುತ್ತೇನೆ. ಶುದ್ಧ ಸುಣ್ಣದಕಲ್ಲಿನ ಪುಡಿಯ ಹುಳಿ ಮುರಿಯುವ ಶಕ್ತಿ 100 ಎಂದಿಟ್ಟುಕೊಂಡರೆ ಡೋಲೋಮೈಟ್ (ಮೆಗ್ನೀಸಿಯಂ ಇರುವ ಸುಣ್ಣದಕಲ್ಲು) ಸುಮಾರು 109, ನೀರು ಹಾಕಿ ಅರಳಿದ ಸುಣ್ಣ 135, ನೀರು ಕಾಣದ ಸುಟ್ಟ ಗಟ್ಟಿ ಸುಣ್ಣ 179. ಅಂಕಿಗಿಂತ ಮುಖ್ಯವಾದದ್ದು ವೇಗ. ಕಲ್ಲಿನ ಪುಡಿ ಹುಳಿ ಇದ್ದಷ್ಟೇ ಕರಗುತ್ತದೆ, ತಪ್ಪಿ ಹೆಚ್ಚು ಬಿದ್ದರೂ ಪಿಎಚ್ ಎಂಟರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅರಳಿದ ಸುಣ್ಣಕ್ಕೆ ಆ ಸಂಯಮವಿಲ್ಲ, ನೇರವಾಗಿ 12ಕ್ಕೆ ಏರಿಸಿ ಬೇರನ್ನು ಬೇಯಿಸುತ್ತದೆ. ಗಟ್ಟಿ ಸುಣ್ಣದ ಪುಡಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಿದ್ದರೆ ಮೊದಲು ಹದಿನೈದು ಇಪ್ಪತ್ತು ನಿಮಿಷ ಧಾರೆಯಾಗಿ ನೀರು ಬಿಟ್ಟು ತೊಳೆದು ನಂತರ ಆಸ್ಪತ್ರೆಗೆ ಓಡಿ. ಮಕ್ಕಳಿರುವ ಮನೆಯಲ್ಲಿ ಆ ಚೀಲವನ್ನು ತಾರಸಿಯ ಮೇಲಿಡಬೇಡಿ.

ಅಟ್ಟೆಮಲ್ಲಿಗೆ, ಉಡುಪಿ

ನಾನು ತೀರ್ಥಹಳ್ಳಿಯವರ ಪಕ್ಷ. ನಮ್ಮದು ಮುರಕಲ್ಲಿನ ಊರು. ತಾರಸಿಯ ಮೇಲೆ ಎಂಬತ್ತು ಕುಂಡಗಳಲ್ಲಿ ಶಂಕರಪುರ ಮಲ್ಲಿಗೆ ಬೆಳೆಸಿದ್ದೇನೆ, ಬಾವಿಯ ನೀರು, ಕೆಟಲಿನ ತಳ ಕನ್ನಡಿಯ ಹಾಗಿದೆ. ಮಳೆಗಾಲ ಕಳೆದ ಮೇಲೆ ಮಣ್ಣು 5.2 ಇತ್ತು. ಗಿಡದ ಕೊಂಬೆ ಸವರಿದ ಮೇಲೆ ಹನ್ನೆರಡು ಇಂಚಿನ ಕುಂಡಕ್ಕೆ ಒಂದು ಚಮಚ ಚಿಪ್ಪಿನ ಸುಣ್ಣವನ್ನು ಅಂಚಿನ ಸುತ್ತ ಉದುರಿಸಿ, ಮೇಲ್ಮಣ್ಣಿನಲ್ಲಿ ಬೆರೆಸಿ ನೀರು ಹಾಕುತ್ತೇನೆ. ಬುಡಕ್ಕೆ ತಾಗಿಸುವುದಿಲ್ಲ. ಮತ್ತೆ ಎರಡು ವಾರ ಬೇರೆ ಏನನ್ನೂ ಕೊಡುವುದಿಲ್ಲ.

ಆ ಎರಡು ವಾರದ ನಿಯಮ ಬಂದದ್ದು ನನ್ನದೇ ಪೆದ್ದುತನದಿಂದ. ಮೊದಲ ವರ್ಷ ಅವಸರಕ್ಕೆ ಸುಣ್ಣ ಹಾಕಿದ ದಿನವೇ ನೆಲಗಡಲೆ ಹಿಂಡಿ ಮತ್ತು ಸೆಗಣಿ ನೆನೆಸಿದ ನೀರನ್ನೂ ಎರೆದೆ. ಬಗ್ಗಿ ನೋಡಿದರೆ ಮೂಗಿಗೆ ಘಾಟು ಹೊಡೆದು ಕಣ್ಣಲ್ಲಿ ನೀರು ಬಂತು.

ನಿವೃತ್ತ ಮೇಷ್ಟ್ರು, ಮೈಸೂರು

ಆ ಘಾಟು ಅಮೋನಿಯ. ನಿಮ್ಮ ಹಿಂಡಿಯ ಸಾರಜನಕ ಗಿಡಕ್ಕೆ ಸಿಗದೆ ಗಾಳಿಗೆ ಹೋದದ್ದು ಅದು. ಯೂರಿಯ, ಅಮೋನಿಯಂ ಸಲ್ಫೇಟ್, ಹಸಿ ಗೊಬ್ಬರ, ಕೋಳಿ ಗೊಬ್ಬರ ಇವ್ಯಾವುವನ್ನೂ ಸುಣ್ಣದ ಜೊತೆ ಒಂದೇ ದಿನ ಹಾಕಬಾರದು. ನಿಮ್ಮದು ಸರಿಯಾದ ನಿಯಮ.

ಮಳೆಯೂರು, ವ್ಯಾಂಕೂವರ್

ಇಲ್ಲಿಂದ ಒಂದು ಮಾತು. ತಾರಸಿಮನೆಯವರು ನೋಡಿದ ವಿಡಿಯೊದ ಮೂಲ ನಮ್ಮ ಕಡೆಯದಿರಬೇಕೆಂದು ನನ್ನ ಗುಮಾನಿ. ಇಲ್ಲಿ ಕುಂಡಕ್ಕೆ ತುಂಬುವ ಚೀಲದ ಮಣ್ಣಿನಲ್ಲಿ ಮಣ್ಣೇ ಇರುವುದಿಲ್ಲ. ಮುಕ್ಕಾಲು ಪಾಲು ಪೀಟ್ ಮಾಸ್, ಕೆನಡಾದ ಜೌಗುನೆಲದಿಂದ ತೆಗೆದ ಪಾಚಿಯ ಪುಡಿ. ಅದರ ಪಿಎಚ್ ನಾಲ್ಕರ ಆಸುಪಾಸು. ಹಾಗಾಗಿ ಚೀಲ ತುಂಬುವವರೇ ಡೋಲೋಮೈಟ್ ಬೆರೆಸಿರುತ್ತಾರೆ, ಚೀಲದ ಹಿಂಬದಿಯಲ್ಲಿ ಬರೆದೂ ಇರುತ್ತಾರೆ. ಒಂದೆರಡು ಬೆಳೆಯೊಳಗೆ ಆ ಸುಣ್ಣ ತೀರುತ್ತದೆ. ವ್ಯಾಂಕೂವರಿನ ನಲ್ಲಿ ನೀರು ಬೆಟ್ಟದ ಮಳೆ, ಹಿಮ ಕರಗಿದ ನೀರು, ಬಲು ಮೆದು, ಹುಳಿಯನ್ನು ಮುರಿಯುವ ಶಕ್ತಿ ಅದಕ್ಕೆ ಬಹಳ ಕಡಿಮೆ. ಅಮೋನಿಯ ಇರುವ ಗೊಬ್ಬರ ಹಾಕಿದಷ್ಟೂ ಮಣ್ಣು ಹುಳಿಯಾಗುತ್ತ ಹೋಗುತ್ತದೆ. "ಹಳೆಯ ಕುಂಡದ ಮಣ್ಣಿಗೆ ಸುಣ್ಣ ಬೇಕು" ಎಂಬ ಮಾತು ಹುಟ್ಟಿದ್ದು ಇಂಥ ಕಡೆ. ನಮ್ಮ ಬೀದಿಯ ಹೈಡ್ರೇಂಜಿಯ ಹೂವುಗಳು ನೀಲಿ, ಮಡಿಕೇರಿಯಲ್ಲಿ ನಮ್ಮ ಅಜ್ಜಿಯ ಮನೆಯ ಮುಂದೆ ಇದ್ದ ಹಾಗೆ. ನೆಲ ಹುಳಿಯಾಗಿದ್ದರೆ ಮಾತ್ರ ಆ ನೀಲಿ ಬರುವುದು.

ನಾನು ಎರಡನೇ ವರ್ಷದ ಪೀಟ್ ಮಿಶ್ರಣಕ್ಕೆ ಲೀಟರಿಗೆ ಎರಡು ಗ್ರಾಂ ಡೋಲೋಮೈಟ್ ಪುಡಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬೆರೆಸುತ್ತೇನೆ. ಇಪ್ಪತ್ತು ಲೀಟರಿನ ತೊಟ್ಟಿಗೆ ನಲವತ್ತು ಗ್ರಾಂ. ಮಾರ್ಚ್‌ನಲ್ಲಿ ಬೆರೆಸಿ ಒದ್ದೆಯಾಗಿಟ್ಟು ಮೇ ತಿಂಗಳಲ್ಲಿ ಸಸಿ ನೆಡುತ್ತೇನೆ. ಕೊಕೊಪೀಟ್ ಹೆಸರಿನಲ್ಲಿ ಪೀಟ್ ಇದೆಯೆಂದು ಈ ಪಾಕವನ್ನು ಅದಕ್ಕೂ ಬಳಸಿದರೆ ಕೆಲಸ ಕೆಡುತ್ತದೆ. ತೆಂಗಿನ ನಾರಿನ ಪುಡಿಯ ಪಿಎಚ್ ಆರರ ಹತ್ತಿರವೇ ಇರುತ್ತದೆ.

ತಾರಸಿಮನೆ, ಬೆಂಗಳೂರು

ಮಳೆಯೂರಿನವರೇ, ನಿಮ್ಮ ಬರಹ ಓದಿ ತಲೆಯ ಮೇಲೆ ಕೈ ಹೊತ್ತು ಕೂತೆ. ಆ ವಿಡಿಯೊದಲ್ಲಿ "ಪೀಟ್" ಎಂದೇ ಹೇಳಿದ್ದರು. ನಾನು ಕೊಕೊಪೀಟ್ ಎಂದುಕೊಂಡೆ.

ಕೆಟಲಿಗೆ ವಿನೆಗರ್ ಬಿಟ್ಟೆ. ಸೋಡಾ ಬಾಟಲಿ ತೆರೆದ ಹಾಗೆ ನೊರೆ ಬಂತು.

ಇನ್ನೊಂದು ಸಂಗತಿ. ನಿನ್ನೆ ಸಂಜೆ ಇದನ್ನೆಲ್ಲ ಓದಿ ಹೇಳುತ್ತಿದ್ದಾಗ ಅತ್ತೆ, "ಸುಣ್ಣ ಇದೆಯೋ ಇಲ್ಲವೋ ನೋಡಲು ಅರಿಶಿನ ಸಾಲದೇ? ಆರತಿ ನೀರು ಕೆಂಪಾಗುವುದು ಹೇಗೆ?" ಎಂದರು. ಸರಿ, ಮೂರು ಸ್ಟೀಲ್ ಲೋಟ ತಂದೆವು. ಸುಣ್ಣ ಹಿಡಿಗಟ್ಟಲೆ ಹಾಕಿದ ಬ್ಯಾಗಿನ ಮಣ್ಣು ಒಂದರಲ್ಲಿ, ಕರಿಬೇವಿನ ಕುಂಡದ್ದು ಇನ್ನೊಂದರಲ್ಲಿ, ಸುಣ್ಣ ಸೋಕದ ಬ್ಯಾಗಿನದು ಮೂರನೆಯದರಲ್ಲಿ. ನೀರು ಹಾಕಿ ಕಲಕಿ, ತಿಳಿ ನಿಂತ ಮೇಲೆ ಪಂಚೆಯ ತುಂಡಿನಲ್ಲಿ ಸೋಸಿ, ಒಂದೊಂದಕ್ಕೂ ಚಿಟಿಕೆ ಅರಿಶಿನ ಹಾಕಿದೆವು. ಮೊದಲನೆಯದು ನೋಡುತ್ತಿದ್ದಂತೆ ಓಕುಳಿಯಾಯಿತು. ಎರಡನೆಯದು ಇಟ್ಟಿಗೆ ಬಣ್ಣದ ಕಡೆ ಒಂದಿಷ್ಟು ವಾಲಿತು. ಮೂರನೆಯದು ಹಳದಿಯಾಗಿಯೇ ಉಳಿಯಿತು. ಅತ್ತೆ ಗೆದ್ದವರಂತೆ ನಕ್ಕು ಒಳಗೆ ಹೋದರು. ಹಾಗಾದರೆ ಆ ಮೂರನೆಯದು ಹುಳಿಯೇ ಅಲ್ಲವೇ ಮೇಷ್ಟ್ರೇ?

ನಿವೃತ್ತ ಮೇಷ್ಟ್ರು, ಮೈಸೂರು

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಆದರೆ ಅರಿಶಿನ ಅರ್ಧ ಸತ್ಯವನ್ನಷ್ಟೇ ಹೇಳುವ ಸಾಕ್ಷಿ. ಅದು ಕೆಂಪಿಗೆ ತಿರುಗುವುದು ಪಿಎಚ್ ಎಂಟರ ಆಸುಪಾಸು ದಾಟಿದ ಮೇಲೆ. ಅದಕ್ಕಿಂತ ಕೆಳಗೆ ಏಳೂಮುಕ್ಕಾಲಿದ್ದರೂ ಹಳದಿ, ತೀರ್ಥಹಳ್ಳಿಯ ಐದಿದ್ದರೂ ಹಳದಿ. ಕೆಂಪಾದರೆ ನಂಬಿ, ಹಳದಿಯಾಗಿದ್ದರೆ ಏನೂ ತಿಳಿಯಲಿಲ್ಲ ಎಂದುಕೊಳ್ಳಿ.

ಪಿಎಚ್ ಕಾಗದದ ಪಟ್ಟಿ ತನ್ನಿ, ಪ್ರಯೋಗಾಲಯದ ಸಾಮಾನು ಮಾರುವಲ್ಲಿ ಸಿಗುತ್ತದೆ, ಮೀನಿನ ತೊಟ್ಟಿಯ ಅಂಗಡಿಯಲ್ಲೂ ಇರುತ್ತದೆ. ಮಣ್ಣಿಗೆ ಚುಚ್ಚುವ ಎರಡು ಕಡ್ಡಿಯ ಅಗ್ಗದ ಮಾಪಕ ಬೇಡ. ನನ್ನಲ್ಲೊಂದಿದೆ, ಮಣ್ಣಿಗೆ ಚುಚ್ಚಿದರೂ ಮೊಸರಿಗೆ ಚುಚ್ಚಿದರೂ ಏಳನ್ನೇ ತೋರಿಸುತ್ತದೆ. ಬ್ಯಾಗಿನ ಮಧ್ಯದಿಂದ ಮಣ್ಣು ತೆಗೆದು ನೆರಳಲ್ಲಿ ಒಣಗಿಸಿ ಜರಡಿ ಹಿಡಿಯಿರಿ. 20 ಗ್ರಾಂ ಮಣ್ಣಿಗೆ 50 ಮಿಲಿಲೀಟರ್ ನೀರು, ಅರ್ಧ ಗಂಟೆ ಆಗಾಗ ಕಲಕಿ, ತಿಳಿಯಲ್ಲಿ ಪಟ್ಟಿ ಅದ್ದಿ. ಬೋರಿನ ನೀರಿನಲ್ಲೇ ಕಲಸಿದರೆ ಬೋರಿನ ಪಿಎಚ್ ಬರುತ್ತದೆ, ಮಣ್ಣಿನದಲ್ಲ. ಬ್ಯಾಟರಿಗೆ ತುಂಬುವ ಡಿಸ್ಟಿಲ್ಡ್ ವಾಟರ್ ತನ್ನಿ. ಬ್ಯಾಟರಿಯ ಆಸಿಡ್ ಅಲ್ಲ, ಅಂಗಡಿಯಲ್ಲಿ ಎರಡು ಸಲ ಹೇಳಿ.

ಓದುವಾಗ ನೆನಪಿಡಿ: ಆರಕ್ಕೂ ಏಳಕ್ಕೂ ಒಂದೇ ಮೆಟ್ಟಿಲಾದರೂ ಆ ಮೆಟ್ಟಿಲು ಹತ್ತು ಪಟ್ಟಿನದು. ಹೆಚ್ಚಿನ ತರಕಾರಿಗೆ ಆರರಿಂದ ಏಳರೊಳಗೆ ಇದ್ದರೆ ಸಾಕು.

ತಾರಸಿಮನೆ, ಬೆಂಗಳೂರು

ಅಳೆದೆ. ಸುಣ್ಣ ಸೋಕದ ನಾಲ್ಕು ಬ್ಯಾಗುಗಳು ಏಳೂವರೆಗೂ ಎಂಟಕ್ಕೂ ನಡುವೆ. ಕರಿಬೇವು ಎಂಟೂವರೆ. ಹಿಡಿ ಸುಣ್ಣದ ಬ್ಯಾಗಿನಲ್ಲಿ ಪಟ್ಟಿಯ ಬಣ್ಣ ಹತ್ತನ್ನೂ ದಾಟಿತು. ಒಟ್ಟಿನಲ್ಲಿ ಹುಳಿ ಎಂಬುದು ನನ್ನ ತಾರಸಿಯಲ್ಲಿ ಎಲ್ಲೂ ಇಲ್ಲ.

ಎರೆಭೂಮಿ, ಧಾರವಾಡ

ಮೊನ್ನೆಯಿಂದ ಓದುತ್ತಿದ್ದೇನೆ, ಈಗ ಸುಮ್ಮನಿರಲಾಗಲಿಲ್ಲ. ನಮ್ಮ ಹೊಲಕ್ಕೆ ಬನ್ನಿ ಅಕ್ಕನವರೆ, ಕರಿಮಣ್ಣು ಅಗೆದರೆ ಸುಣ್ಣದ ಹರಳುಗಳೇ ಕೈಗೆ ಬರುತ್ತವೆ. ಯಾರಾದರೂ ಸುಣ್ಣ ಹಾಕಿ ಅಂದರೆ ನಾವು ನಗುತ್ತೇವೆ. ನಮ್ಮಲ್ಲಿ ದಾಸವಾಳ, ಗುಲಾಬಿ, ನಿಂಬೆ ಎಲ್ಲದರ ಚಿಗುರೂ ನಿಮ್ಮ ಕರಿಬೇವಿನ ಹಾಗೇ ಬಿಳಿಚುತ್ತದೆ.

ತಕ್ಷಣಕ್ಕೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಸಿಂಪಡಿಸಿ. ಅದನ್ನು ಈ ಮಣ್ಣಿಗೆ ಹಾಕಿದರೆ ಉಪಯೋಗವಿಲ್ಲ, ಒಂದೇ ದಿನದಲ್ಲಿ ತುಕ್ಕಾಗಿ ಕೂರುತ್ತದೆ. ಎಲೆಗೆ ಕೊಡಬೇಕು. ಒಂದು ಲೀಟರ್ ನೀರಿಗೆ ಐದು ಗ್ರಾಂ ಅನ್ನಭೇದಿ, ಒಂದು ಗ್ರಾಂ ನಿಂಬೆಹುಳಿಯ ಹರಳು. ಅದೂ ಬೋರಿನ ನೀರಲ್ಲ. ಸಂಜೆ ಬಿಸಿಲು ಇಳಿದ ಮೇಲೆ, ಹತ್ತು ದಿನಕ್ಕೊಮ್ಮೆ, ಎರಡು ಮೂರು ಸಲ. ತಾರಸಿಯ ನೆಲದ ಮೇಲೆ ಬಿದ್ದರೆ ಕಂದು ಕಲೆ ಹೋಗುವುದಿಲ್ಲ, ಕುಂಡದ ಕೆಳಗೆ ಗೋಣಿಚೀಲ ಹಾಸಿಕೊಳ್ಳಿ. ಅದು ಅಡುಗೆಗೆ ಕೀಳುವ ಗಿಡ, ಸಿಂಪಡಿಸಿದ ಚಿಗುರನ್ನು ಒಗ್ಗರಣೆಗೆ ಹಾಕಬೇಡಿ.

ಮಣ್ಣನ್ನೇ ಇಳಿಸಬೇಕೆಂದರೆ ಗಂಧಕದ ಪುಡಿ. ಆದರೆ ಅವಸರ ಮಾಡಬಾರದು, ಅದನ್ನು ಆಮ್ಲ ಮಾಡುವುದು ಮಣ್ಣಿನ ಸೂಕ್ಷ್ಮಾಣುಗಳು, ವಾರಗಟ್ಟಲೆ ಹಿಡಿಯುತ್ತದೆ. ಮಣ್ಣು ಹಸಿಯಾಗಿ, ಬೆಚ್ಚಗಿರಬೇಕು.

ನಿವೃತ್ತ ಮೇಷ್ಟ್ರು, ಮೈಸೂರು

ಧಾರವಾಡದವರು ಹೇಳಿದ್ದಕ್ಕೆ ಒಂದು ಸಾಲು ಸೇರಿಸುತ್ತೇನೆ. 32 ಗ್ರಾಂ ಗಂಧಕ ಪೂರ್ತಿ ಆಮ್ಲವಾದರೆ 100 ಗ್ರಾಂ ಸುಣ್ಣದಕಲ್ಲನ್ನು ಮುರಿಯುತ್ತದೆ. ಅಂದರೆ ಆ 73 ಗ್ರಾಂಗೆ 23 ಗ್ರಾಂ ಬೇಕು, ವರ್ಷ ವರ್ಷವೂ. ಅದೇ ಬೋರಿನ ನೀರನ್ನು ಹಾಕುತ್ತಲೇ ಗಂಧಕ ಹಾಕುವುದು ತೂತಿನ ಕೊಡಕ್ಕೆ ನೀರು ಸೇದಿದಂತೆ. ಮೊದಲು ನೀರು ಬದಲಿಸಿ. ಮಜ್ಜಿಗೆ, ನಿಂಬೆರಸ, ಕಾಫಿ ಗಸಿ ಎಂದು ಹೇಳುವವರು ಈಗ ಬರುತ್ತಾರೆ. ಸೋಸಿದ ಕಾಫಿ ಗಸಿ ಬಹುಮಟ್ಟಿಗೆ ತಟಸ್ಥ, ಹುಳಿಯೆಲ್ಲ ನಿಮ್ಮ ಲೋಟಕ್ಕೆ ಇಳಿದಿರುತ್ತದೆ. ಜಿಪ್ಸಮ್ಮನ್ನೂ ಸುಣ್ಣವೆಂದು ಕೊಡುವವರಿದ್ದಾರೆ, ಅದು ಕ್ಯಾಲ್ಸಿಯಂ ಕೊಡುತ್ತದೆ, ಹುಳಿಯನ್ನು ಮುರಿಯುವುದಿಲ್ಲ.

ಹಿಡಿ ಸುಣ್ಣದ ಮೂರು ಬ್ಯಾಗನ್ನು ಬಿಚ್ಚಿ ಹರಡಿ, ಬಿಳಿ ಗಂಟುಗಳನ್ನು ಆರಿಸಿ ತೆಗೆದು, ಹಸಿಯಾಗಿಟ್ಟು ವಾರಕ್ಕೊಮ್ಮೆ ಮಗುಚಿ. ಅರಳಿದ ಸುಣ್ಣ ಗಾಳಿಯ ಇಂಗಾಲಾಮ್ಲ (ಕಾರ್ಬನ್ ಡೈಆಕ್ಸೈಡ್) ಹೀರಿ ಮತ್ತೆ ಕಲ್ಲಿನ ಪುಡಿಯಾಗುತ್ತದೆ, ಪಿಎಚ್ ತಾನಾಗಿ ಎಂಟರ ಕಡೆಗೆ ಇಳಿಯುತ್ತದೆ.

ತಾರಸಿಮನೆ, ಬೆಂಗಳೂರು

ಬಿಚ್ಚಿದೆ. ಬಿಚ್ಚಿದಾಗ ಬೇರೆಯದೇ ಕತೆ ಹೊರಬಿತ್ತು. ಸುಣ್ಣ ಹಾಕದ ಬ್ಯಾಗಿನ ಒಂದು ಟೊಮೆಟೊ ಗಿಡವನ್ನೂ ಕಿತ್ತು ನೋಡೋಣವೆಂದು ಎಳೆದೆ. ಬೇರಿನ ತುಂಬ ಶುಂಠಿಯ ಗೆಣ್ಣಿನಂಥ ಗಂಟುಗಳು. ಇವು ಸಾರಜನಕದ ಗಂಟುಗಳೋ?

ತೋಟದಮನೆ, ತೀರ್ಥಹಳ್ಳಿ

ಅಲ್ಲ ಅಕ್ಕ. ಸಾರಜನಕದ ಗಂಟು ಹುರುಳಿ, ಅಲಸಂದೆಯಂಥವುಗಳಿಗೆ. ಅದು ಬೇರಿನ ಪಕ್ಕಕ್ಕೆ ಅಂಟಿದ ಮಣಿಯ ಹಾಗಿರುತ್ತದೆ, ಉಗುರಿನಲ್ಲಿ ತಳ್ಳಿದರೆ ಕಳಚುತ್ತದೆ. ನಿಮ್ಮಲ್ಲಿ ಬೇರೇ ಊದಿಕೊಂಡಿದೆ. ಅದು ಬೇರಿಗೆ ಗಂಟು ಕಟ್ಟಿಸುವ ಜಂತುಹುಳು (ನೆಮಟೋಡ್), ನಮ್ಮಲ್ಲಿ ಕಾಳುಮೆಣಸಿಗೂ ಕಾಡುತ್ತದೆ. ಗಿಡ ಮೊಣಕಾಲೆತ್ತರಕ್ಕೆ ನಿಂತದ್ದು ಇದರಿಂದಲೂ ಇರಬೇಕು. ನಾನು ಸುಣ್ಣ ಹಾಕಿ ಅಂದದ್ದನ್ನು ಹಿಂದಕ್ಕೆ ತೆಗೆದುಕೊಂಡೆ. ಮೂರು ವರ್ಷವೂ ಅದೇ ಬ್ಯಾಗಿಗೆ ಟೊಮೆಟೊವನ್ನೇ ಹಾಕಿದಿರಾ?

ತಾರಸಿಮನೆ, ಬೆಂಗಳೂರು

ಮಧ್ಯೆ ಒಮ್ಮೆ ಬದನೆ, ಒಮ್ಮೆ ಬೆಂಡೆ ಹಾಕಿದ್ದೆ.

ಎರೆಭೂಮಿ, ಧಾರವಾಡ

ಬದನೆ ಟೊಮೆಟೊದ ದಾಯಾದಿ, ಬೆಂಡೆ ಆ ಹುಳುವಿನ ಹಬ್ಬದೂಟ. ಈಗ ಏಪ್ರಿಲ್, ಬಿಸಿಲನ್ನು ಬಿಡಬೇಡಿ. ಮಣ್ಣನ್ನು ಜರಡಿ ಹಿಡಿದು ಬೇರಿನ ತುಣುಕುಗಳನ್ನೆಲ್ಲ ಆರಿಸಿ ಕಸಕ್ಕೆ ಕೊಡಿ, ಕಾಂಪೋಸ್ಟಿಗೆ ಬೇಡ. ಮಣ್ಣು ಹಿಂಡಿದರೆ ಮುಷ್ಟಿಯಲ್ಲಿ ನಿಲ್ಲುವಷ್ಟು ಹಸಿಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ತಾರಸಿಯ ನೆಲದ ಮೇಲೆ ನಾಲ್ಕು ಬೆರಳಿಗಿಂತ ದಪ್ಪವಾಗದಂತೆ ಚಪ್ಪಟೆ ಮಲಗಿಸಿ ಬಾಯಿ ಕಟ್ಟಿ. ನಾಲ್ಕೈದು ವಾರ ಇರಲಿ, ಆಗಾಗ ಮಗ್ಗುಲು ಬದಲಿಸಿ. ಕಪ್ಪು ಚೀಲ ಬೇಡ, ಅದರಲ್ಲಿ ಚೀಲ ಕಾಯುತ್ತದೆ, ಒಳಗಿನ ಮಣ್ಣು ಅಷ್ಟು ಕಾಯುವುದಿಲ್ಲ. ಒಣ ಮಣ್ಣಿಗೂ ಶಾಖ ಇಳಿಯುವುದಿಲ್ಲ.

ಅಟ್ಟೆಮಲ್ಲಿಗೆ, ಉಡುಪಿ

ಬಿಸಿಲಿನಲ್ಲಿ ಬೆಂದ ಮಣ್ಣಿನಲ್ಲಿ ಒಳ್ಳೆಯ ಜೀವಿಗಳೂ ಹೋಗಿರುತ್ತವೆ, ಹಾಗೇ ಸಸಿ ನೆಡಬೇಡಿ. ನಾನು ಹಳೆಯ ಮಣ್ಣು ಎರಡು ಬುಟ್ಟಿಗೆ ಹಟ್ಟಿ ಗೊಬ್ಬರ ಒಂದು ಬುಟ್ಟಿ ಹಾಕುತ್ತೇನೆ. ಆ ಗೊಬ್ಬರಕ್ಕೆ ಟ್ರೈಕೋಡರ್ಮ (ಗಿಡಕ್ಕೆ ಒಳ್ಳೆಯದು ಮಾಡುವ ಶಿಲೀಂಧ್ರದ ಪುಡಿ) ಬೆರೆಸಿ, ನೆರಳಲ್ಲಿ ಗೋಣಿ ಮುಚ್ಚಿ ಎರಡು ವಾರ ಮೊದಲೇ ಇಟ್ಟಿರುತ್ತೇನೆ. ಜೊತೆಗೆ ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ, ಅರ್ಧ ಬುಟ್ಟಿ ಭತ್ತದ ಹೊಟ್ಟು. ಮೂರು ವರ್ಷದ ಕೊಕೊಪೀಟ್ ಕಾಫಿ ಗಸಿಯಂತೆ ನುಣ್ಣಗಾಗಿ ನೀರನ್ನೇ ಹಿಡಿದು ಕೂರುತ್ತದೆ, ಬೇರಿಗೆ ಉಸಿರು ಸಿಗುವುದಿಲ್ಲ. ಹೊಟ್ಟು ಹಾಕುವುದು ಆ ಉಸಿರಿಗಾಗಿ. ಜರಡಿ ಹಿಡಿಯುವಾಗ ಇಂಗ್ಲಿಷಿನ ಸಿ ಅಕ್ಷರದ ಹಾಗೆ ಮುದುಡಿದ ದಪ್ಪ ಬಿಳಿ ಹುಳು ಸಿಕ್ಕರೆ ಅದು ಗೊಣ್ಣೆ ಹುಳು. ಕಾಗೆಗೆ ಹಾಕಿ.

ಬ್ಯಾಗಿನ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದೆಯೇ? ಮೊದಲ ಮಳೆಗೆ ಎಲ್ಲವನ್ನೂ ಸೂರಿನ ಹೊರಗಿಡಿ, ಎರಡು ಮೂರು ದಿನ ತೊಳೆದು ಹೋಗಲಿ. ನಮಗೆ ಮಳೆ ಶತ್ರು, ನಿಮಗೆ ನೆಂಟ.

ತಾರಸಿಮನೆ, ಬೆಂಗಳೂರು (ಏಳು ವಾರಗಳ ನಂತರ)

ಕೇಳಿದವರಿಗಾಗಿ ವರದಿ. ಮಣ್ಣನ್ನು ಚೀಲದಲ್ಲಿ ಬೇಯಿಸಿದೆ. ನಡುಮಧ್ಯಾಹ್ನ ಅಡುಗೆಮನೆಯ ಥರ್ಮಾಮೀಟರ್ ಚುಚ್ಚಿದಾಗ ಒಂದು ದಿನ 51 ಡಿಗ್ರಿ ಬಂತು. ಮಾವ ಪೈಪಿನವರನ್ನು ಕರೆಸಿ ಮಳೆನೀರನ್ನು ಎರಡು ಡ್ರಮ್ಮಿಗೆ ತಿರುಗಿಸಿದರು. ಮೇ ತಿಂಗಳ ಮಳೆಗೇ ಎರಡೂ ತುಂಬಿದವು. ಆರ್‌ಓ ಬಕೆಟ್ ಈಗ ನೆಲ ಒರೆಸಲು.

ಎಲ್ಲವೂ ಸರಿಹೋಯಿತೆಂದು ಬರೆಯಲಾರೆ. ಹಿಡಿ ಸುಣ್ಣದ ಮೂರು ಬ್ಯಾಗಿನ ಮಣ್ಣು ಈಗಲೂ ಎಂಟರ ಮೇಲೆಯೇ ಇದೆ. ಅದನ್ನು ಬೇರೆ ಹತ್ತು ಬ್ಯಾಗಿಗೆ ಸ್ವಲ್ಪ ಸ್ವಲ್ಪ ಹಂಚಲೇ ಎಂದು ಯೋಚಿಸಿ, ಒಳ್ಳೆಯದನ್ನೂ ಕೆಡಿಸುವುದು ಬೇಡವೆಂದು ಬಿಟ್ಟೆ. ಸದ್ಯಕ್ಕೆ ಅದರಲ್ಲಿ ದಂಟು ಬಿತ್ತಿದ್ದೇನೆ, ಅದಕ್ಕೆ ಅಷ್ಟೇನೂ ಬೇಸರವಿದ್ದಂತಿಲ್ಲ. ಉಳಿದ ಬ್ಯಾಗುಗಳು ಏಳರ ಹತ್ತಿರ ಬಂದಿವೆ. ಟೊಮೆಟೊ ಈ ವರ್ಷ ಇಲ್ಲ, ಚೆಂಡು ಹೂವು, ಮೂಲಂಗಿ, ಮೆಂತ್ಯ ಹಾಕಿದ್ದೇನೆ. ಕರಿಬೇವಿಗೆ ಮೂರು ಸಲ ಅನ್ನಭೇದಿ ಸಿಂಪಡಿಸಿದೆ. ಮೊದಲು ಹಳದಿಯಾದ ಎಲೆಗಳು ಅರೆಹಸಿರಾಗಿವೆ, ಹೊಸದಾಗಿ ಬಂದ ಎರಡು ಚಿಗುರು ಪೂರ್ತಿ ಹಸಿರು. ಗೋಣಿಚೀಲ ಹಾಸಿದ್ದರೂ ತಾರಸಿಯ ಮೇಲೆ ಅಂಗೈಯಗಲದ ಕಂದು ಕಲೆ ಉಳಿಯಿತು. ಮಾವನಿಗೆ ಇನ್ನೂ ಹೇಳಿಲ್ಲ.

ಉಳಿದ ಸುಣ್ಣದ ಚೀಲವನ್ನು ತೀರ್ಥಹಳ್ಳಿಯವರಿಗೆ ಕಳುಹಿಸಲೇ?

ತೋಟದಮನೆ, ತೀರ್ಥಹಳ್ಳಿ

ಗಾಳಿ ಹೊಕ್ಕ ಸುಣ್ಣ ಬೋರ್ಡೋಗೆ ಬರುವುದಿಲ್ಲ ಅಕ್ಕ, ಅದಕ್ಕೆ ಹೊಸ ಗಟ್ಟಿ ಸುಣ್ಣವೇ ಬೇಕು. ಮುಂದಿನ ಹಬ್ಬಕ್ಕೆ ಕಾಂಪೌಂಡಿಗೇ ಬಳಿಯಿರಿ.

ಹೊಸಚಿಗುರು, ತುಮಕೂರು

ನಮಸ್ಕಾರ, ಚರ್ಚೆ ಉದ್ದವಾಗಿದೆ, ಪೂರ್ತಿ ಓದಲಾಗಲಿಲ್ಲ. ಹನ್ನೆರಡು ಇಂಚಿನ ಹಳೆಯ ಕುಂಡಕ್ಕೆ ಎಷ್ಟು ಚಮಚ ಸುಣ್ಣ ಹಾಕಬೇಕು? ದಯವಿಟ್ಟು ಬೇಗ ತಿಳಿಸಿ, ಸುಣ್ಣ ತಂದಾಗಿದೆ.

ನಿವೃತ್ತ ಮೇಷ್ಟ್ರು, ಮೈಸೂರು

ನೀರು ಯಾವುದು?

ಹೊಸಚಿಗುರು, ತುಮಕೂರು

ಟ್ಯಾಂಕರ್ ನೀರು ಸರ್. ವಾರಕ್ಕೊಂದು ಕಡೆಯಿಂದ ಬರುತ್ತದೆ. ಏಕೆ?

ನಿವೃತ್ತ ಮೇಷ್ಟ್ರು, ಮೈಸೂರು

ಮನೆಯಲ್ಲಿ ಕೆಟಲ್ ಇದೆಯೇ?